ಭಾನುವಾರದ 5ಕೆ, ಸುಂಟಿಕೊಪ್ಪ ಹತ್ರ: ಓಡಿಯೂ ನೋಡಿದೆ, ಹಿಂದೆ ನಡೆದೂ ನೋಡಿದೆ

ಹೋಮ್‌ಸ್ಟೇಗೆ, ಹೋಟೆಲಿಗೆ, ಮಿಕ್ಸಿಗೆ ಎಲ್ಲ ಜನ ರಿವ್ಯೂ ಬರೀತಾರೆ, ನಮ್ಮೂರ ಓಟಕ್ಕೆ ಮಾತ್ರ ಯಾರೂ ಬರೆದದ್ದು ಕಾಣಲಿಲ್ಲ, ಅದಕ್ಕೆ ನಾನೇ ಬರೀತಿದ್ದೇನೆ. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ಹೋದ್ರೆ ಒಂದು ಶಾಲೆ ಮೈದಾನ ಉಂಟು, ಅಲ್ಲಿಂದ ಎಸ್ಟೇಟ್ ರಸ್ತೆಲಿ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ 5 ಕಿಲೋಮೀಟರ್ ಓಟ. ಫೀಸ್ ಇಲ್ಲ, ಮೆಡಲ್ ಇಲ್ಲ, ಟೀ ಶರ್ಟ್ ಇಲ್ಲ, ಸ್ಟೇಜ್ ಇಲ್ಲ, ಶಾಲು ಹಾಕೋದು ಇಲ್ಲ. ಓಡ್ಬಹುದು, ನಡೀಬಹುದು, ಅರ್ಧ ಓಡಿ ಅರ್ಧ ನಡೀಬಹುದು. ಎಲ್ಲರಿಗೂ ಟೈಮ್ ತೆಗೀತಾರೆ, ಎಲ್ಲರಿಗೂ ಅಂದ್ರೆ ಕೊನೇಲಿ ಬರೋರಿಗೂ. ನಾನು ಇಲ್ಲೀವರೆಗೆ 31 ಭಾನುವಾರ ಹೋಗಿದ್ದೇನೆ, 19 ಸಲ ಓಡಿದ್ದು, 12 ಸಲ ವಾಲಂಟಿಯರ್ ಆಗಿ ನಿಂತದ್ದು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೇನೆ, ಆ ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೆಳಗೆ ಹೇಳ್ತೇನೆ, ಅದು ಹೇಳಲೇಬೇಕಾದ ವಿಷಯ.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ದಿನಾ ಹತ್ತು ಕಿಲೋಮೀಟರ್ ಓಡೋರು ಬರೆದ್ರೆ ಅದು ಬೇರೆ ರಿವ್ಯೂ ಆಗ್ತದೆ. ನನಗೆ 46 ವರ್ಷ, ಸಹಕಾರ ಸಂಘದಲ್ಲಿ ಕ್ಲರ್ಕ್, ಬೆಳಿಗ್ಗೆ ಕುರ್ಚಿಲಿ ಕೂತ್ರೆ ಸಾಯಂಕಾಲವೇ ಏಳೋದು. ಶುಗರ್ ಬಾರ್ಡರಲ್ಲಿ ಉಂಟು, ದಿನಾ ನಡೀರಿ ಅಂದ್ರು ಡಾಕ್ಟ್ರು. ಹೇಳೋದು ಸುಲಭ, ನಡೆಯೋದು ಎಲ್ಲಿ? ಮೈನ್ ರೋಡಲ್ಲಿ ಲಾರಿ, ಬಸ್ಸು, ಶನಿವಾರ ಭಾನುವಾರ ಬಂದ್ರೆ ಮಡಿಕೇರಿಗೆ ಹೋಗೋ ಟೂರಿಸ್ಟ್ ಕಾರುಗಳ ಸಾಲು. ಒಳಗಿನ ರಸ್ತೆಲಿ ನಾಯಿ, ಬೆಳಗ್ಗಿನ ಜಾವ ಆದ್ರೆ ಆನೆ ಭಯ. ಇದೆಲ್ಲಕ್ಕಿಂತ ಕಷ್ಟ ಬೇರೆ ಒಂದು ಉಂಟು. ನಮ್ಮ ಕಡೆ ಒಬ್ಬ ಹೆಂಗಸು ರಸ್ತೆಲಿ ಓಡಿದ್ರೆ ಏನೋ ಆಗಿದೆ ಅಂತಲೇ ಅರ್ಥ. ನಾನು ಮೊದಲ ವಾರ ಮನೆ ಹತ್ರದ ರಸ್ತೆಲಿ ಮೆಲ್ಲಗೆ ಓಡ್ತಾ ಇರುವಾಗ ಪರಿಚಯದವರು ಜೀಪ್ ನಿಲ್ಲಿಸಿ "ಏನಾಯ್ತು, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ, ಹತ್ತಿ, ಬಿಡ್ತೇನೆ" ಅಂದ್ರು. ಅವರದ್ದು ಒಳ್ಳೆ ಮನಸ್ಸೇ, ಆದ್ರೆ ಮಾರನೇ ದಿನ ನನಗೆ ಹೊರಗೆ ಹೋಗೋಕೆ ಮನಸ್ಸು ಬರಲಿಲ್ಲ. ಈಗ ಭಾನುವಾರ ಅರವತ್ತು ಎಪ್ಪತ್ತು ಜನ ಒಟ್ಟಿಗೆ ಓಡ್ತೇವೆ, ಯಾರೂ ಜೀಪ್ ನಿಲ್ಲಿಸಿ ಕೇಳೋದಿಲ್ಲ. ಈಗ ಬುಧವಾರ ನಾನು ಒಬ್ಳೇ ಓಡಿದ್ರೂ "ಓ, ಭಾನುವಾರದ ಪ್ರಾಕ್ಟೀಸಾ" ಅಂತ ಕೈ ಬೀಸಿ ಹೋಗ್ತಾರೆ. ಈ ಓಟದಿಂದ ನನಗೆ ಸಿಕ್ಕಿದ ಮೊದಲ ಲಾಭ ಇದು, ಶುಗರ್ ಕಡಿಮೆ ಆದದ್ದು ಆಮೇಲೆ.

ಕೊಡಗಲ್ಲಿ ಆಟ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಈಗ ಎಷ್ಟು ದೊಡ್ಡದಾಗಿದೆ ಅಂತ ಎಲ್ಲರಿಗೂ ಗೊತ್ತು, ಮಳೆಗಾಲ ಬಂದ್ರೆ ಊರೂರಲ್ಲಿ ಕೆಸರುಗದ್ದೆ ಓಟ, ಹಗ್ಗ ಜಗ್ಗಾಟ. ನಾವು ಶಾಲೆಲಿ ಇರುವಾಗ ಓಟಗಾರ್ತಿ ಅಶ್ವಿನಿ ನಾಚಪ್ಪ ಹೆಸರು ಕೇಳದ ಹುಡುಗಿ ಇರಲಿಲ್ಲ, 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು ಅವರಿಗೆ, ಪಿ.ಟಿ. ಮಾಸ್ಟ್ರು ಮಾತೆತ್ತಿದ್ರೆ ಅವರದ್ದೇ ಉದಾಹರಣೆ. ಆದ್ರೆ ನಮ್ಮಲ್ಲಿ ಆಟ ಅಂದ್ರೆ ಟೂರ್ನಮೆಂಟ್. ಚೆನ್ನಾಗಿ ಆಡೋರು ಒಳಗೆ, ಉಳಿದೋರೆಲ್ಲ ಗ್ಯಾಲರಿಲಿ. ನಾನು ಒಂಬತ್ತನೇ ಕ್ಲಾಸಿಂದ ಗ್ಯಾಲರಿಲೇ ಕೂತವಳು, ಕಡ್ಲೆಕಾಯಿ ತಿಂದು ಬೇರೆಯವರ ಮಕ್ಕಳಿಗೆ ಚಪ್ಪಾಳೆ ತಟ್ಟಿ ಮನೆಗೆ ಬಂದವಳು. ಗ್ಯಾಲರಿಲಿ ಕೂತಿದ್ದೋರಿಗೆ ಅಂತಲೇ ಇರೋ ಆಟ ನಾನು ನೋಡಿದ್ದು ಇದೊಂದೇ.

ಇದನ್ನ ಶುರು ಮಾಡಿದ್ದು ನಮ್ಮೂರ ಒಬ್ರು ರಿಟೈರ್ಡ್ ಸುಬೇದಾರ್. ಅವರ ಮಗಳು ಇಂಗ್ಲೆಂಡಲ್ಲಿ ನರ್ಸ್, ಬಾಣಂತನಕ್ಕೆ ಅಂತ ಗಂಡ ಹೆಂಡ್ತಿ ಇಬ್ರೂ ಆರು ತಿಂಗಳು ಹೋಗಿದ್ರು. ಅಲ್ಲಿ ಶನಿವಾರ ಬೆಳಿಗ್ಗೆ ಪಾರ್ಕಲ್ಲಿ ನೂರಾರು ಜನ ಓಡೋದು ನೋಡಿ ಇವರೂ ಸೇರ್ಕೊಂಡ್ರಂತೆ. ಪಾರ್ಕ್‌ರನ್ ಅಂತ ಅದರ ಹೆಸರು. 2004ರ ಅಕ್ಟೋಬರ್ 2ಕ್ಕೆ ಲಂಡನ್ನಿನ ಬುಷಿ ಪಾರ್ಕಲ್ಲಿ ಪಾಲ್ ಸಿಂಟನ್ ಹೆವಿಟ್ ಅನ್ನೋರು ಶುರು ಮಾಡಿದ್ದು, ಮೊದಲ ದಿನ ಓಡಿದ್ದು 13 ಜನ. ಈಗ ಎಷ್ಟೋ ದೇಶಗಳಲ್ಲಿ ನಡೀತದೆ, ಈಗಲೂ ಫೀಸ್ ಇಲ್ಲ, ಈಗಲೂ 5 ಕಿಲೋಮೀಟರೇ, ಎಲ್ಲ ಕೆಲಸ ವಾಲಂಟಿಯರ್‌ಗಳದ್ದೇ. ನಮ್ಮದು ಅದರ ಶಾಖೆ ಅಲ್ಲ, ಆ ಹೆಸರನ್ನೂ ನಾವು ಇಟ್ಕೊಂಡಿಲ್ಲ, ಮಾಡೋ ಕ್ರಮ ಮಾತ್ರ ಅಲ್ಲಿಂದ ಕಲಿತದ್ದು. ಸುಬೇದಾರ್ ಅಂಕಲ್ ವಾಪಸ್ ಬಂದ ಮೇಲೆ ಮೊದಲ ಭಾನುವಾರ ಏಳು ಜನ ಬಂದಿದ್ರಂತೆ, ಅದ್ರಲ್ಲಿ ಮೂವರು ಅವರ ಮನೆಯವರೇ. ನಾನು ಸೇರಿದ್ದು ಅದಾಗಿ ನಾಲ್ಕು ತಿಂಗಳಿಗೆ.

ಟೈಮ್ ಹೇಗೆ ತೆಗೀತಾರೆ ಅಂತ ತುಂಬಾ ಜನ ಕೇಳ್ತಾರೆ, ಟೈಮ್ ಹಿಡಿಯೋ ಎಲೆಕ್ಟ್ರಾನಿಕ್ ಚಿಪ್ ಗಿಪ್ ಏನೂ ಇಲ್ಲ. ಗೆರೆ ದಾಟುವ ಜಾಗದಲ್ಲಿ ಇಬ್ರು ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿರ್ತಾರೆ, ಒಬ್ಬೊಬ್ರು ದಾಟಿದ ಹಾಗೆ ಒಂದೊಂದು ಸಲ ಒತ್ತೋದು. ದಾಟಿದವರು ಸಾಲಲ್ಲೇ ಮುಂದೆ ಬರ್ಬೇಕು, ಒಬ್ರನ್ನೊಬ್ರು ಹಿಂದೆ ಹಾಕೋ ಹಾಗಿಲ್ಲ, ಅದಕ್ಕೆ ಎರಡೂ ಕಡೆ ಹಗ್ಗ ಕಟ್ಟಿ ಓಣಿ ಮಾಡಿದ್ದಾರೆ. ಓಣಿ ಕೊನೇಲಿ ಒಬ್ರು ನಂಬರ್ ಹೊಡೆದ ವಾಷರ್ ಕೈಗೆ ಕೊಡ್ತಾರೆ, ಹಾರ್ಡ್‌ವೇರ್ ಅಂಗಡಿಲಿ ಸಿಗ್ತದಲ್ಲ, ನಟ್ಟು ಬೋಲ್ಟಿಗೆ ಹಾಕೋ ಕಬ್ಬಿಣದ ಬಿಲ್ಲೆ, ಅದೇ. ಬುಷಿ ಪಾರ್ಕಲ್ಲೂ ಶುರುಶುರುವಿಗೆ ವಾಷರನ್ನೇ ಟೋಕನ್ ಮಾಡಿದ್ರಂತೆ, ಅಂಕಲ್‌ಗೆ ಆ ಕತೆ ಕೇಳಿ ತುಂಬಾ ಖುಷಿಯಾಗಿ ಇಲ್ಲೂ ಅದೇ ಮಾಡಿದ್ದಾರೆ. ವಾಷರ್ ತಗೊಂಡು ಮೇಜಿನ ಹತ್ರ ಹೋದ್ರೆ ಅಲ್ಲಿ ಇಬ್ರು ಪುಸ್ತಕದಲ್ಲಿ ಬರ್ಕೊಳ್ತಾರೆ, ಈ ವಾಷರ್ ನಂಬರ್ ಈ ಮನುಷ್ಯಂದು ಅಂತ. ಮನೆಗೆ ಹೋಗಿ ಸ್ಟಾಪ್‌ವಾಚಿನ ಪಟ್ಟಿ ಮತ್ತೆ ಈ ಪಟ್ಟಿ ಎರಡನ್ನೂ ಜೋಡಿಸೋದು. ಮಧ್ಯಾಹ್ನ ಊಟದ ಹೊತ್ತಿಗೆ ರಿಸಲ್ಟ್ ವಾಟ್ಸಾಪಿಗೆ ಬರ್ತದೆ, ಫೋನ್ ಇಲ್ಲದವರಿಗೆ ಅಂತ ನ್ಯಾಯಬೆಲೆ ಅಂಗಡಿ ಗೋಡೆಗೂ ಒಂದು ಪ್ರಿಂಟ್ ಅಂಟಿಸ್ತಾರೆ. ನನ್ನ ಮೊದಲನೇ ಟೈಮ್ 47 ನಿಮಿಷ 20 ಸೆಕೆಂಡ್. ರೇಷನ್ ತಗೊಳ್ಳೋಕೆ ಹೋದಾಗ ಗೋಡೆಲಿ ನನ್ನ ಹೆಸರು ಕಂಡು ಅಲ್ಲೇ ಎರಡು ಸಲ ಓದಿದೆ. ಈಗ 38ರ ಹತ್ರ ಬಂದಿದ್ದೇನೆ.

ದುಡ್ಡು ಕೊಟ್ಟು ಓಡೋ ಓಟಕ್ಕೂ ನಾನು ಒಂದ್ಸಲ ಹೋಗಿದ್ದೆ, ಹೋಲಿಸಿ ನೋಡೋಕೆ ಅದನ್ನೂ ಹೇಳ್ಬೇಕು. ಹೆಸರು ಬೇಡ. ಹೊರಗಿನವರು ಬಂದು ನಮ್ಮ ಜಿಲ್ಲೆಲೇ ಮಾಡಿದ್ದು, 10 ಕಿಲೋಮೀಟರಿಗೆ 1,200 ರೂಪಾಯಿ, ಟೀ ಶರ್ಟ್ ಕೊಟ್ರು, ಅದು ಗಂಡಸರ ಅಳತೆ, ಮಗನಿಗೆ ಆಯ್ತು. ಮ್ಯೂಸಿಕ್ಕು, ಝುಂಬಾ, ಮೇಲೆ ಡ್ರೋನು, ಎಲ್ಲ ಇತ್ತು. ಏಳನೇ ಕಿಲೋಮೀಟರ್ ಹತ್ರ ನೀರಿನ ಮೇಜು ಇರ್ತದೆ ಅಂತ ಮ್ಯಾಪಲ್ಲಿ ಹಾಕಿದ್ರು. ನಾನು ಅಲ್ಲಿಗೆ ಮುಟ್ಟುವಾಗ ಮೇಜು ಮಡಚಿ ಪಿಕಪ್‌ಗೆ ಹಾಕ್ತಾ ಇದ್ರು. ನೀರು ಕೇಳಿದ್ದಕ್ಕೆ ಹುಡುಗ ಪಾಪ ಅವನ ಸ್ವಂತ ಬಾಟಲಿಯಿಂದ ಕೊಟ್ಟ, "ಸಾರಿ ಮೇಡಂ, ಎಲ್ಲ ಹೋಗಿ ಆಯ್ತು ಅಂದ್ಕೊಂಡ್ವಿ" ಅಂದ. ನಾನಿನ್ನೂ ರಸ್ತೆಲಿದ್ದೆ, ನನ್ನ ಹಿಂದೆ ಇನ್ನೂ ನಾಲ್ಕು ಜನ ಬರ್ತಿದ್ರು, ಎಲ್ಲ ಹೋಗಿ ಆಯ್ತು ಅಂದ್ರೆ ಹೇಗೆ? ಗೆರೆ ಹತ್ರ ಬರುವಾಗ ಕಮಾನಿನ ಗಾಳಿ ತೆಗೆದಿದ್ರು, ಅದು ನೆಲದ ಮೇಲೆ ಬಿದ್ದಿತ್ತು. ಮೆಡಲ್ ಕೊಟ್ರು, ಇಲ್ಲ ಅಂತಲ್ಲ. ಆ ಮೆಡಲ್ ಇವತ್ತಿಗೂ ಕವರಲ್ಲೇ ಉಂಟು, ಗೋಡೆಗೆ ಹಾಕೋ ಮನಸ್ಸಾಗಲಿಲ್ಲ. ಮಾರನೇ ವಾರ ಆ ದಾರಿಲಿ ಬಸ್ಸಲ್ಲಿ ಹೋಗುವಾಗ ನೋಡಿದ್ರೆ ತೋಟದ ಬೇಲಿ ಪಕ್ಕದ ಚರಂಡಿಲಿ ಪ್ಲಾಸ್ಟಿಕ್ ಲೋಟಗಳ ರಾಶಿ ಹಾಗೇ ಇತ್ತು.

ನಮ್ಮ ಭಾನುವಾರದ ಓಟದಲ್ಲಿ "ಎಲ್ಲ ಹೋಗಿ ಆಯ್ತು" ಅನ್ನೋ ಮಾತು ಬರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಕೊನೇಲಿ ಬರೋದೇ ಒಬ್ರ ಡ್ಯೂಟಿ. ಟೈಲ್ ವಾಕರ್ ಅಂತಾರೆ ಅದಕ್ಕೆ, ನಮ್ಮ ಮಕ್ಕಳು "ಬಾಲ" ಅಂತಾರೆ, "ಇವತ್ತು ಬಾಲ ಯಾರು ಆಂಟಿ" ಅಂತ ಕೇಳ್ತಾರೆ. ಬಾಲ ಆದವರು ಕೇಸರಿ ಜಾಕೆಟ್ ಹಾಕ್ಕೊಂಡು ಎಲ್ಲರಿಗಿಂತ ಹಿಂದೆ ನಡೀಬೇಕು, ಎಷ್ಟೇ ಹೊತ್ತಾಗ್ಲಿ ಮುಂದಿನವರನ್ನ ದಾಟೋ ಹಾಗಿಲ್ಲ. ಅವರು ತಿರುವು ದಾಟಿದ ಮೇಲೇ ಆ ತಿರುವಿನ ಮಾರ್ಷಲ್, ಅಂದ್ರೆ ದಾರಿ ನೋಡ್ಕೊಳ್ಳೋಕೆ ನಿಂತ ವಾಲಂಟಿಯರ್, ಜಾಗ ಬಿಡೋದು, ಅವರು ಗೆರೆ ದಾಟಿದ ಮೇಲೇ ಸ್ಟಾಪ್‌ವಾಚ್ ನಿಲ್ಲಿಸೋದು. ಇಷ್ಟು ಸಣ್ಣ ವ್ಯವಸ್ಥೆ ಸಾಕು, ಯಾರೂ ದಾರಿಲಿ ಉಳಿಯೋದಿಲ್ಲ, ಕೊನೆಯವರು ತಾನು ಕೊನೆ ಅಂತ ನಾಚ್ಕೊಳ್ಳೋದೂ ಬೇಡ.

ನಾನು ಮೊದಲ ಸಲ ಬಾಲ ಆದ ದಿನ ನನ್ನ ಮುಂದೆ ಇದ್ದದ್ದು ಒಬ್ರು ಅಜ್ಜಿ, ಸೀರೆ ಮೇಲೆ ಸ್ವೆಟರ್, ಕಾಲಲ್ಲಿ ಮೊಮ್ಮಗನ ಬಿಳಿ ಕ್ಯಾನ್ವಾಸ್ ಶೂ. ಒಂದು ಕಿಲೋಮೀಟರ್ ಆಗೋವಷ್ಟರಲ್ಲಿ ಮೂರು ಸಲ ನಿಂತು ತಿರುಗಿ ನೋಡಿದ್ರು.

"ನೀನು ಮುಂದೆ ಹೋಗು ಮಗಳೇ, ನನ್ನಿಂದ ನಿಂಗೆ ತಡ ಆಗ್ತದೆ."

"ಇಲ್ಲ ಅಜ್ಜಿ, ನಾನು ನಿಮ್ಮ ಹಿಂದೆನೇ ಬರ್ಬೇಕು, ಇವತ್ತು ನನ್ನ ಕೆಲಸ ಅದೇ."

"ಸಂಬಳ ಕೊಡ್ತಾರಾ?"

"ಇಲ್ಲಜ್ಜಿ."

ಸ್ವಲ್ಪ ದೂರ ಸುಮ್ಮನೆ ನಡೆದು, "ಹಾಗಾದ್ರೆ ಮಾತಾಡಿಕೊಂಡಾದ್ರೂ ಬಾ" ಅಂದ್ರು. ಅಲ್ಲಿಂದ ಶುರುವಾಯ್ತು. ಈ ರಸ್ತೆಗೆ ಟಾರ್ ಇಲ್ಲದ ಕಾಲದಲ್ಲಿ ತಲೆ ಮೇಲೆ ಕಾಫಿ ಚೀಲ ಹೊತ್ತು ನಡೆದದ್ದು, ಈ ಮೋರಿ ಹತ್ರ ಒಂದು ಮಳೆಗಾಲ ದಾಟೋಕಾಗದೆ ರಾತ್ರಿ ಇಡೀ ತೋಟದ ಕೆಲಸದವರ ಲೈನ್‌ಮನೆಲಿ ಉಳಿದದ್ದು, ಯಾವ ಮರದ ಮೆಣಸಿನ ಬಳ್ಳಿ ಯಾರು ನೆಟ್ಟದ್ದು, ಎಲ್ಲ ಹೇಳಿದ್ರು. ನಾನು ಹದಿನೈದು ವರ್ಷದಿಂದ ಆ ರಸ್ತೆಲಿ ಸ್ಕೂಟಿಲಿ ಹೋಗ್ತೇನೆ, ಒಂದೂ ಗೊತ್ತಿರಲಿಲ್ಲ. ಒಂದು ಗಂಟೆ ಎಂಟು ನಿಮಿಷಕ್ಕೆ ನಾವಿಬ್ರೂ ಮೈದಾನಕ್ಕೆ ಬಂದೆವು. ಓಡಿ ಮುಗಿಸಿ ಕಾಫಿ ಕುಡಿದಾದವರೂ ಹೋಗದೆ ಹಗ್ಗದ ಎರಡೂ ಬದಿ ನಿಂತಿದ್ರು, ಅಜ್ಜಿ ಗೆರೆ ದಾಟುವಾಗ ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ನಡೆದ್ರು. ಆಮೇಲೆ ಅವರು ತಪ್ಪದೆ ಬರ್ತಾರೆ, ರಿಸಲ್ಟ್ ಪ್ರಿಂಟ್ ಕೇಳಿ ಪಡ್ಕೊಂಡು ಮಡಚಿ ರೇಷನ್ ಕಾರ್ಡಿನ ಕವರಲ್ಲಿ ಇಟ್ಕೊಳ್ತಾರೆ.

ಅದಕ್ಕೇ ನಾನು ಮಾಡಿದ ತಪ್ಪು ನನಗೆ ಅಷ್ಟು ಚುಚ್ಚಿದ್ದು. ಜುಲೈ ತಿಂಗಳು, ಒಂದೇ ಸಮ ಮಳೆ, ಅವತ್ತು ವಾಷರ್ ಕೊಡೋ ಕೆಲಸ ನಂದು. ಒಣಗಿಸದೆ ಡಬ್ಬಿಲಿಟ್ಟು ವಾಷರ್‌ಗಳಿಗೆ ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ವು. ಪರಿಚಯದವರು ಒಬ್ರು ಬಂದ್ರು, ಅವರ ಮಗಳ ಮದುವೆ ವಿಷಯ ಕೇಳ್ತಾ ಕೇಳ್ತಾ ಅವರ ಕೈಗೆ ಎರಡು ವಾಷರ್ ಒಟ್ಟಿಗೆ ಹೋಗಿದೆ, 17 ಮತ್ತೆ 18. ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಇದರಿಂದ ಏನಾಗ್ತದೆ ಅಂದ್ರೆ, ಮುಂದೆ ಬಂದ 18ನೇ ಮನುಷ್ಯನಿಗೆ 19ರ ವಾಷರ್, 19ನೆಯವರಿಗೆ 20ರದ್ದು, ಹೀಗೆ ಅಲ್ಲಿಂದ ಮುಂದೆ ಎಲ್ಲರಿಗೂ ತಮ್ಮ ಹಿಂದೆ ಬಂದವರ ಟೈಮ್ ಕೂತ್ಕೊಳ್ತದೆ, ಸಾಲಿನ ಕೊನೇಲಿ ಇದ್ದವರ ನಂಬರಿಗೆ ಸ್ಟಾಪ್‌ವಾಚಲ್ಲಿ ಟೈಮೇ ಇರೋದಿಲ್ಲ. ಅವತ್ತು ಮಳೆ ಅಂತ ಬಂದದ್ದೇ 26 ಜನ, ಬಾಲ ಆದವರ ಟೈಮ್ ಪಟ್ಟಿಗೆ ಹಾಕೋದಿಲ್ಲ, ಹಾಗಾಗಿ ಪಟ್ಟಿಲಿ ಕೊನೆಯವರು ಅಜ್ಜಿ. ಮಧ್ಯಾಹ್ನ ಪಟ್ಟಿ ಬಂತು, ಅಜ್ಜಿ ಹೆಸರಿನ ಮುಂದೆ ಬರೀ ಒಂದು ಗೀಟು. ಬೇರೆಯವರಿಗೆ ಹತ್ತು ಸೆಕೆಂಡೋ ಅರ್ಧ ನಿಮಿಷವೋ ವ್ಯತ್ಯಾಸ, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಊಟ ಸೇರಲಿಲ್ಲ. ನೀರಿನ ಮೇಜು ಮಡಚಿದ ಆ ಹುಡುಗನ ಮೇಲೆ ಅಷ್ಟು ಬೇಜಾರು ಮಾಡ್ಕೊಂಡಿದ್ದ ನಾನೇ ಇಲ್ಲಿ ಕೊನೆಯವರ ಟೈಮ್ ಅಳಿಸಿ ಹಾಕಿದ್ದೆ.

ಅಂಕಲ್ ಬೈಯಲಿಲ್ಲ, ವಾಷರ್‌ಗಳನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿ 18 ಇಲ್ಲ ಅಂತ ಕಂಡು ಹಿಡಿದ್ರು. ಸಾಯಂಕಾಲ ಆ ಮನುಷ್ಯರ ರೇನ್‌ಕೋಟ್ ಜೇಬಲ್ಲಿ ಸಿಕ್ಕಿತು. ರಾತ್ರಿ ಎಂಟಕ್ಕೆ ಸರಿಯಾದ ಪಟ್ಟಿ ಬಂತು, ನಾನು ಪ್ರಿಂಟ್ ಹಿಡ್ಕೊಂಡು ಸೋಮವಾರ ಅಜ್ಜಿ ಮನೆಗೇ ಹೋದೆ. ಅವರು ಗೋಡೆ ಮೇಲಿನ ತಪ್ಪು ಪಟ್ಟಿ ಆಗಲೇ ನೋಡಿ ಆಗಿತ್ತು. "ಇಲ್ಲ ಅಂದ್ರೆ ಇಲ್ಲ, ನಡೆದದ್ದು ನಂಗೆ ಗೊತ್ತಲ್ಲ" ಅಂದ್ರು, ಆದ್ರೆ ಪೇಪರ್ ಕೊಟ್ಟ ಕೂಡಲೇ ಕನ್ನಡಕ ಹುಡುಕಿದ್ರು. ಆಮೇಲಿಂದ ವಾಷರ್‌ಗಳನ್ನ ತಂತಿಗೆ ನಂಬರ್ ಪ್ರಕಾರ ಪೋಣಿಸಿ ಇಡೋ ಕ್ರಮ ಬಂದಿದೆ, ಮನೆಗೆ ತಂದು ಬಟ್ಟೆಲಿ ಒರೆಸಿ ತೆಂಗಿನೆಣ್ಣೆ ಸವರೋ ಕೆಲಸ ನಾನೇ ಕೇಳಿ ತಗೊಂಡಿದ್ದೇನೆ. ವಾಷರ್ ಕೊಡೋರ ಹತ್ರ ದಯವಿಟ್ಟು ಯಾರೂ ಮಾತಾಡ್ಬೇಡಿ, ಕಾಫಿ ಕುಡಿವಾಗ ಮಾತಾಡುವ.

ಇನ್ನು ದಾರಿ ವಿಷಯ. ಮೈದಾನದಿಂದ ಎರಡೂವರೆ ಕಿಲೋಮೀಟರ್ ಹೋಗಿ ಅದೇ ದಾರಿಲಿ ವಾಪಸ್ ಬರೋದು. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಓಕ್, ಹಾಲುವಾಣದ ನೆರಳು, ಮಾರ್ಚ್ ಏಪ್ರಿಲಲ್ಲಿ ಕಾಫಿ ಹೂವು ಅರಳಿಸೋ ಹೂಮಳೆ ಬಿದ್ದು ಒಂದು ವಾರ ಆದ ಮೇಲೆ ಬಂದ್ರೆ ರಸ್ತೆ ಪೂರ್ತಿ ಕಾಫಿ ಹೂವಿನ ಪರಿಮಳ, ಆ ಒಂದು ಭಾನುವಾರ ಎಲ್ಲರ ಟೈಮೂ ಕೆಡ್ತದೆ, ಅಲ್ಲಲ್ಲಿ ನಿಂತು ಫೋಟೋ ತೆಗೆಯೋರೇ ಜಾಸ್ತಿ. ಹೋಗುವಾಗ ಜಾಸ್ತಿ ಇಳಿಜಾರು, ಬರುವಾಗ ಏರು. ಹೊಸಬರು ಇಲ್ಲೇ ಮೋಸ ಹೋಗೋದು, ಇಳಿಜಾರಲ್ಲಿ ಸುಲಭ ಅಂತ ಜೋರಾಗಿ ಬಿಟ್ಕೊಂಡು ಹೋಗ್ತಾರೆ, ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆ ಮುಂದಿನ ಮಾಂಸ ಬ್ರೇಕ್ ಹಿಡಿದ ಹಾಗೆ ಕೆಲಸ ಮಾಡ್ತದೆ, ಅದರ ನೋವು ಅವತ್ತೇ ಗೊತ್ತಾಗೋದಿಲ್ಲ, ಮಂಗಳವಾರ ಮೆಟ್ಟಿಲು ಇಳಿಯುವಾಗ ಗೊತ್ತಾಗ್ತದೆ. ಸಣ್ಣ ಹೆಜ್ಜೆ ಹಾಕಿ ಇಳೀರಿ, ಉಸಿರು ಏರಿಗೆ ಉಳಿಸಿ.

ವಾಚ್ ಕಟ್ಟಿದವರು ಬಂದು "ಇದು 5 ಇಲ್ಲ, ನಂದರಲ್ಲಿ 4.8 ತೋರಿಸ್ತದೆ" ಅಂತ ಪ್ರತಿ ವಾರ ಒಬ್ರಾದ್ರೂ ಹೇಳ್ತಾರೆ. ಮರದ ಕೆಳಗೆ ಸ್ಯಾಟಲೈಟ್ ಸಿಗ್ನಲ್ ಸರಿ ಸಿಗೋದಿಲ್ಲ, ತಿರುವುಗಳನ್ನ ವಾಚ್ ಕತ್ತರಿಸಿ ಲೆಕ್ಕ ಹಾಕ್ತದೆ. ದೊಡ್ಡ ಮ್ಯಾರಥಾನ್‌ಗಳಲ್ಲೂ ದಾರಿ ಅಳೆಯೋದು ವಾಚಿಂದ ಅಲ್ಲ, ಸೈಕಲಿನಿಂದ. ಗೊತ್ತಿರೋ ದೂರಕ್ಕೆ ಚಕ್ರ ಎಷ್ಟು ಸುತ್ತು ಬರ್ತದೆ ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ದಾರಿ ಪೂರ್ತಿ ತುಳಿದು ಸುತ್ತು ಎಣಿಸೋದು, ಅಪ್ಪಿತಪ್ಪಿ ಕಮ್ಮಿ ಆಗಬಾರದು ಅಂತ ಕಿಲೋಮೀಟರಿಗೆ 1 ಮೀಟರ್ ಜಾಸ್ತಿ ಇಡೋದು. ಅಂಕಲ್ ಹಳೇ ಸೈಕಲಲ್ಲಿ ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿ ಮೂರು ದಿನ ಹೀಗೇ ಅಳೆದಿದ್ದಾರೆ, 5 ಕಿಲೋಮೀಟರಿಗೆ 5 ಮೀಟರ್ ಜಾಸ್ತಿ ಇಟ್ಟಿದ್ದಾರೆ. ನನಗೆ ಅವರ ರಿಬ್ಬನ್ ಮೇಲೇ ನಂಬಿಕೆ.

ಮಳೆಗಾಲದಲ್ಲೂ ನಡೀತದಾ ಅಂದ್ರೆ, ನಡೀತದೆ. ಗುಡುಗು ಮಿಂಚು ಇದ್ರೆ ಇಲ್ಲ, ಗಾಳಿಗೆ ಮರ ಬೀಳೋ ಹಾಗಿದ್ರೆ ಇಲ್ಲ, ರೆಡ್ ಅಲರ್ಟ್ ಇದ್ರೆ ಇಲ್ಲವೇ ಇಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದದ್ದು ನೋಡಿದ ಜನ ನಾವು, ಆ ವಿಷಯದಲ್ಲಿ ಯಾರೂ ಹಠ ಮಾಡೋದಿಲ್ಲ. ಬರೀ ಮಳೆ ಆದ್ರೆ ಓಡ್ತೇವೆ. ಮೋರಿ ಹತ್ರ ಪಾಚಿ ಕಟ್ತದೆ, ಅಲ್ಲೊಬ್ರು ಮಾರ್ಷಲ್ ನಿಂತು "ನಡೀರಿ ನಡೀರಿ" ಅಂತ ಕೂಗ್ತಾರೆ, ಅಲ್ಲಿ ಓಡ್ಲೇಬೇಡಿ, ಸವೆದ ಶೂ ಹಾಕ್ಕೊಂಡು ಬರ್ಲೇಬೇಡಿ. ಜಿಗಣೆಗೆ ಬಟ್ಟೆಲಿ ಕಟ್ಟಿದ ಉಪ್ಪಿನ ಗಂಟು ಮೇಜಿನ ಮೇಲೆ ಇರ್ತದೆ, ಬೆಂಗಳೂರಿಂದ ಬಂದೋರು ಮೊದಲು ಅದನ್ನೇ ಹುಡುಕೋದು. ಆನೆ ವಿಷಯದಲ್ಲಂತೂ ಲೈನ್‌ಮನೆಯವರು ಹೇಳಿದ್ದೇ ಕೊನೇ ಮಾತು, ಬೆಳಿಗ್ಗೆ ಆರಕ್ಕೆ ಅವರಿಂದ ಫೋನ್ ಬಂದ್ರೆ ಓಟ ಕ್ಯಾನ್ಸಲ್, ಹಲಸು ಹಣ್ಣಾಗೋ ಸಮಯದಲ್ಲಿ ಎರಡು ವಾರ ಸಾಲಾಗಿ ಹಾಗಾಯ್ತು. ಏಳು ಗಂಟೆಗೆ ಇಟ್ಟಿರೋದೂ ಅದಕ್ಕೇ, ಮಂಜು ಸ್ವಲ್ಪ ಎದ್ದು ಮುಂದೆ ಏನಿದೆ ಅಂತ ಕಾಣ್ಬೇಕು. ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕುಯ್ಲು, ಆಗ ಜನ ಅರ್ಧಕ್ಕರ್ಧ ಕಮ್ಮಿ, ವಾಲಂಟಿಯರ್ ಸಿಗೋದಂತೂ ತುಂಬಾ ಕಷ್ಟ.

ಲೈನ್‌ಮನೆ ಅಂದೆನಲ್ಲ, ಮುಂದೆ ಓಡೋರಲ್ಲಿ ಜಾಸ್ತಿ ಅಲ್ಲಿನ ಮಕ್ಕಳೇ. ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗ, ಹದಿನಾಲ್ಕು ವರ್ಷ ಇರ್ಬಹುದು, ಬರಿಗಾಲಲ್ಲಿ 21 ನಿಮಿಷದ ಒಳಗೆ ಮುಗಿಸ್ತಾನೆ, ಆ ಏರಲ್ಲಿ! ಒಂದು ನಂಬರ್ ವಾಷರ್ ಮೊದಲ ಸಲ ಸಿಕ್ಕಿದಾಗ ಮನೆಗೆ ತಗೊಂಡು ಹೋಗಿ ಅಮ್ಮನಿಗೆ ತೋರಿಸಿ ವಾಪಸ್ ತಂದು ಕೊಟ್ಟ. ಅವನ ಹೆಸರು, ತೋಟದ ಲೆಕ್ಕ ಬರೆಯೋ ರೈಟರ್ ಹೆಸರು, ಬ್ಯಾಂಕ್ ಮ್ಯಾನೇಜರ್ ಹೆಸರು, ಅಜ್ಜಿ ಹೆಸರು ಎಲ್ಲ ಒಂದೇ ಪಟ್ಟಿಲಿ ಮೇಲೆ ಕೆಳಗೆ ಬರ್ತದೆ. ಬೇರೆ ಎಲ್ಲೂ ಈ ನಾಲ್ಕು ಹೆಸರು ಒಟ್ಟಿಗೆ ಬರೆದದ್ದು ನಾನು ನೋಡಿಲ್ಲ.

ಈಗ ಕಮ್ಮಿ ಆದ ಸ್ಟಾರ್ ವಿಷಯ. ಹೆಂಗಸರಿಗೆ ಟಾಯ್ಲೆಟ್ ವ್ಯವಸ್ಥೆ ಇಲ್ಲ. ಶಾಲೆದು ಉಂಟು, ಭಾನುವಾರ ಬೀಗ. ಗಂಡಸರಿಗೆ ಇದು ದೊಡ್ಡ ವಿಷಯ ಅಂತ ಕಾಣೋದಿಲ್ಲ, ಮೀಟಿಂಗಲ್ಲಿ ಎರಡು ಸಲ ಹೇಳಿದೆ, "ನೋಡುವ" ಅಂದ್ರು. ಎಷ್ಟೋ ಜನ ಹೆಂಗಸರು ಒಂದು ಸಲ ಬಂದು ಆಮೇಲೆ ಬರದೇ ಇದ್ದದ್ದಕ್ಕೆ ಇದೇ ಕಾರಣ ಅಂತ ನನ್ನ ಹತ್ರ ನೇರ ಹೇಳಿದ್ದಾರೆ, ಬೆಳಿಗ್ಗೆ ನೀರು ಕುಡಿಯದೆ ಬಂದು ಓಡೋರೂ ಉಂಟು, ಅದು ಒಳ್ಳೇದಲ್ಲ. ಬೀಗದ ಕೈ ಒಬ್ರ ಹತ್ರ ಇರೋ ಹಾಗೆ ಶಾಲೆಯವರ ಹತ್ರ ಮಾತಾಡಿದ್ರೆ ಆಗೋ ಕೆಲಸ, ತೊಳೆದು ಕೊಡೋ ಜವಾಬ್ದಾರಿ ನಾವು ನಾಲ್ಕು ಜನ ತಗೊಳ್ತೇವೆ ಅಂತ ಬರೆದೇ ಕೊಟ್ಟಿದ್ದೇವೆ. ಅದೊಂದು ಆಗ್ಲಿ, ಅವತ್ತೇ ಈ ರಿವ್ಯೂ ತಿದ್ದಿ ಐದು ಸ್ಟಾರ್ ಮಾಡ್ತೇನೆ.

ಇನ್ನೊಂದು ಸಣ್ಣದು, ಕೆಲವರು ಬರೀ ಓಡೋಕೆ ಬರ್ತಾರೆ, ಐವತ್ತು ಸಲ ಓಡಿದ್ದಾರೆ, ಒಂದ್ಸಲವೂ ವಾಲಂಟಿಯರ್ ಜಾಕೆಟ್ ಹಾಕಿಲ್ಲ. ಕಮ್ಮಿ ಅಂದ್ರೆ ಒಂಬತ್ತು ಜನ ಬೇಕು ಒಂದು ಓಟ ನಡೆಸೋಕೆ, ಸ್ಟಾಪ್‌ವಾಚಿಗೆ ಇಬ್ರು, ವಾಷರಿಗೆ ಒಬ್ರು, ಪುಸ್ತಕಕ್ಕೆ ಇಬ್ರು, ತಿರುವುಗಳಿಗೆ ಮೂವರು, ಬಾಲಕ್ಕೆ ಒಬ್ರು. ಐದು ಸಲ ಓಡಿದವರು ಒಂದು ಸಲ ನಿಂತ್ರೆ ಯಾರನ್ನೂ ಬೇಡೋದು ಬೇಡ. ಓಡೋಕೆ ಮನಸ್ಸಿದ್ದು ಧೈರ್ಯ ಇಲ್ಲದವರಿಗೂ ನಾನು ಇದನ್ನೇ ಹೇಳೋದು, ಮೊದಲು ಮಾರ್ಷಲ್ ಆಗಿ ಬನ್ನಿ. ತಿರುವಲ್ಲಿ ನಿಂತು ನೋಡಿ, ನಿಮ್ಮ ಹಾಗೆ ಇರೋರು ಎಷ್ಟು ಜನ ಏದುಸಿರು ಬಿಟ್ಕೊಂಡು ನಡೀತಾ ಬರ್ತಾರೆ ಅಂತ ಕಾಣ್ತದೆ, ನನ್ನ ನಾದಿನಿ ಹಾಗೇ ಬಂದವಳು, ಮೂರನೇ ವಾರಕ್ಕೆ ಜಾಕೆಟ್ ಬೇರೆಯವರಿಗೆ ಕೊಟ್ಟು ಓಡಿದಳು.

ಬರೋರಿಗೆ: ಗಾಡಿ ಮೈದಾನದ ಒಳಗೆ ತರ್ಬೇಡಿ, ಹೊರಗೆ ಕಾಫಿ ಕಣದ ಬದಿಲಿ ಜಾಗ ಕೊಟ್ಟಿದ್ದಾರೆ, ಆದ್ರೆ ಕುಯ್ಲು ಸಮಯದಲ್ಲಿ ಅಲ್ಲಿ ಕಾಫಿ ಹರಡಿರ್ತದೆ, ಆಗ ಬಸ್ ಸ್ಟ್ಯಾಂಡ್ ಹತ್ರನೇ ನಿಲ್ಲಿಸಿ ನಡ್ಕೊಂಡು ಬನ್ನಿ. ನೀರಿಗೆ ನಿಮ್ಮದೇ ಬಾಟಲಿ, ಕಾಫಿಗೆ ನಿಮ್ಮದೇ ಲೋಟ, ಪೇಪರ್ ಕಪ್ಪು ಇಡೋದಿಲ್ಲ. ಬೆಲ್ಲದ ಕಾಫಿ ಇರ್ತದೆ, ಯಾರಾದ್ರೂ ಬಾಳೆಹಣ್ಣು ತರ್ತಾರೆ, ಡಿಸೆಂಬರಲ್ಲಾದ್ರೆ ತೋಟದ ಕಿತ್ತಳೆ. ಮೊದಲ ಸಲ ಬರೋರು 6:45ಕ್ಕೇ ಬಂದು ಹೆಸರು ಬರೆಸಿ ಕಾರ್ಡ್ ನಂಬರ್ ತಗೊಳ್ಳಿ, ಒಂದ್ಸಲ ತಗೊಂಡ್ರೆ ಸಾಕು. ಮುಂದಿನ ಭಾನುವಾರಕ್ಕೆ ಮೋರಿ ಹತ್ರದ ಮಾರ್ಷಲ್ ಇನ್ನೂ ಸಿಕ್ಕಿಲ್ಲ, ಯಾರಿಗಾದ್ರೂ ಆಗ್ತದೆ ಅಂದ್ರೆ ಶನಿವಾರ ಸಾಯಂಕಾಲದ ಒಳಗೆ ಹೇಳಿ. ಬಾಲ ನಾನೇ.